ಹಾಕಬಾರದ ಬಾಗಿಲು

ಬ್ರೈನಾಗೆ ಬೇಕಾಗಿದ್ದದ್ದು ಒಂದೇ, ಬಾಗಿಲು ಹಾಕಿಕೊಂಡು ಒಂದು ನಿದ್ದೆ.

ಮಗಳ ಹೆರಿಗೆ, ಬಾಣಂತಿಯ ಉಪಚಾರ, ಮೊಮ್ಮಗನ ಸುನ್ನತಿಯ ದಿನ ಅರ್ಧ ಓಣಿಗೆ ಊಟ, ಇಷ್ಟನ್ನೂ ಮುಗಿಸಿ ಗುರುವಾರ ಮನೆಗೆ ಬಂದವಳು, ಶುಕ್ರವಾರ ಹೊತ್ತು ಮುಳುಗುವುದರೊಳಗೆ, ಒಲೆ ಹಚ್ಚಬಾರದ ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನ ಅಡುಗೆಯನ್ನೂ ಮಾಡಿಟ್ಟಿದ್ದಳು. ದೀಪ ಹಚ್ಚಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತಾಗ ನಿಂತಲ್ಲೇ ತೂಕಡಿಕೆ ಬಂದಿತ್ತು. ಗಂಡ ಯೆರುಹಾಮ್ ಅದನ್ನು ನೋಡಿ ಮರುಗಿದ.

"ನಾಳೆ ಮಧ್ಯಾಹ್ನ ಊಟ ಆದ್ಮೇಲೆ ಬಾಗಿಲು ಹಾಕ್ಬಿಡ್ತೀನಿ ಕಣೆ. ಮಸೀಹನೇ ಬಂದು ತಟ್ಟಿದ್ರೂ ತೆಗೆಯಲ್ಲ."

ಹಾಗೆ ನೋಡಿದರೆ ಆ ಮನೆಯ ಬಾಗಿಲು ಹಗಲು ಮುಚ್ಚಿದ್ದೇ ಇಲ್ಲ. ಯೆರುಹಾಮ್ ಓಣಿಯ ರಬ್ಬಿ, ಧರ್ಮದ ಸಂದೇಹಗಳಿಗೆ ತೀರ್ಪು ಹೇಳುವ ಗುರು. ಹಾಲು ಮಾಂಸ ಬೆರೆಯಬಾರದು, ಹಾಲಿನ ಚಮಚ ಮಾಂಸದ ಪಾತ್ರೆಗೆ ಬಿತ್ತು, ಏನು ಮಾಡಲಿ? ಕೋಳಿಯ ಹೊಟ್ಟೆಯಲ್ಲಿ ಮೊಳೆ ಸಿಕ್ಕಿತು, ತಿನ್ನಬಹುದೇ? ಜನ ಬರುತ್ತಲೇ ಇರುತ್ತಾರೆ, ಬಂದವರಿಗೆ ಚಹಾ, ಚಹಾದ ಜೊತೆ ಏನಾದರೂ. ಅದು ಮನೆಯಲ್ಲ, ಛತ್ರ. ವಾರಕ್ಕೊಂದು ದಿನ ಸುಮ್ಮನಿರು ಎಂದು ದೇವರೇ ಹೇಳಿದ್ದಾನೆ ನಿಜ, ಆದರೆ ದೇವರು ಕೊಟ್ಟರೂ ಪೂಜಾರಿ ಕೊಡನಲ್ಲ. ಅದೇ ಯೆರೂಸಲೇಮಿನಲ್ಲೇ, ಮೇಲಿನ ಓಣಿಯಲ್ಲಿರುವ ಬ್ರೈನಾಳ ಅಕ್ಕ ಗಿಟ್ಟೆಲ್ ಪುಣ್ಯವಂತೆ. ವಿಧವೆ, ಕಿವಿ ಮಂದ, ಅವಳ ಬಾಗಿಲಿಗೆ ಒಂದು ಪ್ರಶ್ನೆಯೂ ಬರುವುದಿಲ್ಲ.

ಶನಿವಾರ ಊಟವಾಯಿತು. ಹಿಂದಿನ ದಿನವೇ ಒಲೆಯ ಮೇಲಿಟ್ಟಿದ್ದ ಹುರುಳಿಕಾಳು ಮಾಂಸದ ಗಟ್ಟಿ ಸಾರು ತಿಂದು ಯೆರುಹಾಮ್ ತೇಗಿದ. ಬ್ರೈನಾ ಗೋಡೆಬದಿಯ ಮಂಚದ ಮೇಲೆ ಕಾಲು ಚಾಚಿದಳು. ಅವನು ಮಾತು ಉಳಿಸಿಕೊಳ್ಳಲು ಎದ್ದು ಹೋಗಿ ಬಾಗಿಲಿಗೆ ಕೈ ಹಾಕಿದನೋ ಇಲ್ಲವೋ, ಹೊರಗೆ ನಾಯಿಗಳ ಗಲಾಟೆ. ಅವನ ಪಕ್ಕದಿಂದಲೇ ಏನೋ ನುಗ್ಗಿತು.

ಜಿಂಕೆ. ಕಣಿವೆಯಿಂದ ನಾಯಿಗಳು ಅಟ್ಟಿಕೊಂಡು ಬಂದ ಎಳೇ ಜಿಂಕೆ. ಪುಸ್ತಕದ ಬೀರುವಿನ ಬುಡಕ್ಕೆ ಹೋಗಿ ಕುಸಿಯಿತು. ಪಕ್ಕೆ ತಿದಿಯ ಹಾಗೆ ಏರಿಳಿಯುತ್ತಿತ್ತು.

"ಬಾಗಿಲು ಹಾಕಿ, ನಾಯಿ ಬರ್ತಾವೆ," ಎಂದಳು ಬ್ರೈನಾ.

ಯೆರುಹಾಮ್ ಬೆಂಕಿ ಮುಟ್ಟಿದವನಂತೆ ಬಾಗಿಲಿನಿಂದ ಕೈ ತೆಗೆದ. "ಹಾಕೋದಾ! ಶಬ್ಬಾತ್ ದಿನ ಬೇಟೆ ನಿಷಿದ್ಧ, ಮನೆಯೊಳಗೆ ಬಂದ ಜಿಂಕೆ ಮೇಲೆ ಬಾಗಿಲು ಹಾಕಿದ್ರೂ ಬೇಟೆ ಆಡ್ದಂಗೆ. ಮೂವತ್ತು ವರ್ಷದಿಂದ ಶಾಸ್ತ್ರದ ಅದೇ ಪುಟ ಪಾಠ ಮಾಡ್ತಿದ್ದೀನಿ ಕಣೆ, ಇವತ್ತು ಪುಟಾನೇ ನಡ್ಕೊಂಡು ಬಂದಿದೆ!"

ಅವನ ಮುಖದಲ್ಲಿ ಮದುವೆಯ ದಿನವೂ ಇಲ್ಲದ ಕಳೆ.

ನಾಯಿಗಳನ್ನು ಎದುರುಮನೆಯ ಫೈವೆಲ್ ಓಡಿಸಿದ. ಓಡಿಸಿದವನು ಸುಮ್ಮನೆ ಹೋದಾನೆಯೇ? ಬಂದು ಇಣುಕಿದ. ಹಿಂದೆಯೇ ಅವನ ಬೀಗ ಜುಂಡೆಲ್. ಇಬ್ಬರೂ ಯೆರುಹಾಮನ ಶಿಷ್ಯರು, ಒಬ್ಬರ ಮಾತು ಇನ್ನೊಬ್ಬರಿಗೆ ಆಗದು.

"ಗುರುಗಳೇ, ಕಾಯಿಲೆ ಜಿಂಕೆ ಅನ್ಸುತ್ತೆ. ಕಾಯಿಲೆದನ್ನ ಹಿಡಿದ್ರೆ ಶಿಕ್ಷೆ ಇಲ್ಲ ಅಲ್ವಾ?" ಎಂದ ಫೈವೆಲ್.

"ಯಾವ ಕಾಯಿಲೆ ಅಂತ ನೋಡ್ಬೇಕಯ್ಯ," ಎಂದ ಜುಂಡೆಲ್. "ಜ್ವರಾನಾ, ಸುಸ್ತಾ? ಜ್ವರ ಬಂದದ್ದು ಎದ್ದು ಓಡುತ್ತೆ. ಸುಸ್ತಾದದ್ದು ಎಲ್ಲೂ ಹೋಗಲ್ಲ, ಆಗಲೇ ಸಿಕ್ಕಿಬಿದ್ದಂಗೆ. ಅದಕ್ಕೆ ಬಾಗಿಲು ಹಾಕಿದ್ರೆಷ್ಟು ಬಿಟ್ರೆಷ್ಟು!"

"ಸರಿಯಾಗಿ ಹೇಳ್ದೆ," ಎಂದ ಯೆರುಹಾಮ್. "ಇದು ಸುಸ್ತು."

"ಮತ್ತೆ ಹಾಕಿ," ಎಂದಳು ಬ್ರೈನಾ ಮಂಚದಿಂದ.

"ಹಾಗಲ್ಲ ಕಣೆ. ಶಿಕ್ಷೆ ಇಲ್ಲ ನಿಜ, ಆದ್ರೂ ಹಾಕಬಾರದು."

"ಜ್ವರ ಆದ್ರೆ?"

"ಆಗಲಂತೂ ಹಾಕಲೇಬಾರದು."

"ಎರಡರಲ್ಲೂ ಹಾಕಬಾರದು ಅಂದ್ಮೇಲೆ ಈ ವಾದ ಯಾತಕ್ಕೆ?"

ಮೂವರೂ ಅವಳನ್ನು ಕನಿಕರದಿಂದ ನೋಡಿದರು. "ತಿಳ್ಕೋಬೇಕಲ್ಲಮ್ಮಾ!" ಎಂದ ಫೈವೆಲ್.

ಸಿಟ್ಟು ಬರಲಿಕ್ಕೂ ತ್ರಾಣ ಬೇಕು. ಅವಳಿಗೆ ಅಳು ಬಂತು, ಅದನ್ನೂ ನುಂಗಿಕೊಂಡಳು. ಸುಸ್ತಾದದ್ದು ಎಲ್ಲೂ ಹೋಗಲ್ಲ, ಆಗಲೇ ಸಿಕ್ಕಿಬಿದ್ದಂತೆ. ಈ ಮಾತನ್ನು ಎಷ್ಟು ಸಲೀಸಾಗಿ ಆಡಿದರು! ಅವಳು ಹೊರಳಿ ಜಿಂಕೆಯನ್ನು ನೋಡಿದಳು. ಅದೂ ಅವಳನ್ನೇ ನೋಡುತ್ತಿತ್ತು.

ಓಣಿಯಲ್ಲಿ ಸುದ್ದಿ ಹಬ್ಬಿತು. ಇನ್ನೂ ನಾಲ್ಕು ಜನ ಬಂದರು. ಜಿಂಕೆ ಬೆದರದಿರಲೆಂದು ಯಾರೂ ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ಒಬ್ಬರ ಭುಜಕ್ಕೊಬ್ಬರು ಒತ್ತಿಕೊಂಡು ನಿಂತು ವಾದ ಬೆಳೆಸಿದರು. ಒಬ್ಬ ಜ್ವರ ಎಂದ, ಇನ್ನೊಬ್ಬ ಭಯ ಎಂದ, ಭಯವು ಸುಸ್ತಿನ ಲೆಕ್ಕಕ್ಕೋ ಜ್ವರದ ಲೆಕ್ಕಕ್ಕೋ ಎಂದು ಮತ್ತೊಬ್ಬ. ಅಷ್ಟರಲ್ಲಿ ಜಿಂಕೆಯ ಪಕ್ಕೆಯ ಏದುಸಿರು ನಿಂತಿತ್ತು. ಅದು ಮೆಲ್ಲಗೆ ಎದ್ದಿತು. ಒಂದು ಹೆಜ್ಜೆ ಬಾಗಿಲ ಕಡೆ ಇಟ್ಟಿತು, ದಾರಿ ಕಾಣದೆ ನಿಂತಿತು.

ಯೆರುಹಾಮ್ ಹಣೆ ಹಣೆ ಬಡಿದುಕೊಂಡ. "ಅಯ್ಯಯ್ಯೋ, ಸರೀರಯ್ಯಾ! ಹೊಸ್ತಿಲು ತುಂಬೋ ಹಾಗೆ ನಿಂತ್ರೂ ಹಿಡಿದಂಗೇ ಅಂತ ಅದೇ ಪುಟದಲ್ಲಿದೆ! ಇಷ್ಟು ಹೊತ್ತೂ ನಾವೇ ಬಾಗಿಲಾಗಿ ನಿಂತಿದ್ದೀವಿ!"

ಒಬ್ಬರ ಕಾಲು ಒಬ್ಬರು ತುಳಿಯುತ್ತ ಎಲ್ಲರೂ ಅಂಗಳಕ್ಕೆ ಹಾರಿ ಎರಡು ಸಾಲಾದರು. ಜಿಂಕೆ ನೆಗೆಯಿತು. ಬಿಸಿಲಲ್ಲಿ ಬಾಲ ಒಮ್ಮೆ ಮಿಂಚಿ ಇಳಿಜಾರಿನಲ್ಲಿ ಮಾಯವಾಯಿತು.

"ಓಡ್ತಲ್ಲ! ಹಾಗಾದ್ರೆ ಜ್ವರಾನೇ," ಎಂದ ಫೈವೆಲ್.

"ಸುಸ್ತೇ ಕಣಯ್ಯ, ಆರಿತು ಅಷ್ಟೇ," ಎಂದ ಜುಂಡೆಲ್.

ಬ್ರೈನಾ ಮಂಚದಿಂದ ಕಾಲು ಇಳಿಸಿದಳು. ತಲೆವಸ್ತ್ರ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಆ ಎರಡು ಸಾಲುಗಳ ನಡುವೆಯೇ ಹೊರಟಳು. ಗಂಡಸರು ಅಭ್ಯಾಸಬಲದಿಂದ ಇನ್ನಷ್ಟು ಹಿಂದೆ ಸರಿದರು.

"ಬ್ರೈನಾ, ಎಲ್ಲಿಗೆ?" ಎಂದ ಯೆರುಹಾಮ್.

"ಗಿಟ್ಟೆಲ್ ಮನೆಗೆ. ಮಲಗೋಕೆ."

"ಇವರಿಗೆಲ್ಲ ಚಹಾ…" ಎನ್ನಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ.

ಅವಳು ತಿರುಗಿ ತೆರೆದ ಮನೆಯನ್ನೊಮ್ಮೆ ನೋಡಿದಳು.

"ಈಗ ಬೇಕಾದ್ರೆ ಬಾಗಿಲು ಹಾಕ್ಕೊಳ್ಳಿ. ಒಳಗೆ ಯಾರೂ ಇಲ್ಲ."