ಆದೆಪ್ಪಜ್ಜನ ಸ್ವರದ ಪೇಟಿ

ನಮ್ಮ ವಳಕಮದಿನ್ನಿ ಭಜನಾ ಮೇಳದ ಹಾರ್ಮೋನಿಯಂ ಪೇಟಿ ಒಗ್ಗಿದ್ದು ಒಂದೇ ಕಂಠಕ್ಕೆ. ಆ ಕಂಠದ ಆದೆಪ್ಪಜ್ಜ ಹೋದ ವರ್ಷ ಶಿವನ ಪಾದ ಸೇರಿದ.

ಅಂಗಡಿಯಿಂದ ತಂದಾಗ ಪೇಟಿ ಹಾಗಿರಲಿಲ್ಲ. ಯಾವ ಮನೆಯನ್ನು, ಅಂದರೆ ಬೆರಳಿಡುವ ಯಾವ ಕೀಲಿಯನ್ನು, ಷಡ್ಜ ಮಾಡಿಕೊಂಡರೂ ಹಾಡಲು ಬರಲೆಂದು ಕಾರ್ಖಾನೆಯವರು ಸ್ವರಗಳ ಅಂತರವನ್ನು ಸಮನಾಗಿ ಹಂಚಿರುತ್ತಾರೆ. ಹಾಗೆ ಹಂಚಿದ ಸ್ವರ ಏಕತಾರಿಯ ತಂತಿಗೆ ಪೂರ್ತಿ ಬೆರೆಯುವುದಿಲ್ಲ. ಗಾಂಧಾರ ತುಸು ಏರಿಯೇ ನಿಲ್ಲುತ್ತದೆ. ಶಿವನ ಹೆಸರನ್ನು ಹುಳಿ ಸ್ವರದಲ್ಲಿ ಹೇಳಲಾರೆನೆಂದು ಅಜ್ಜ ಅದನ್ನು ಲಿಂಗಸೂಗೂರಿನಲ್ಲಿ ಪೇಟಿ ರಿಪೇರಿ ಮಾಡುವ ಗೌಸ್‌ಸಾಬರ ಬಳಿ ಒಯ್ದ. ಸಾಬರು ಒಳಗಿನ ಹಿತ್ತಾಳೆ ನಾಲಿಗೆಗಳನ್ನು ಅರದಿಂದ ಕೆರೆದು, ಅಜ್ಜನ ಷಡ್ಜವಾದ ಮೊದಲ ಕರಿ ಮನೆಗೆ, ಕರಿ ಒಂದಕ್ಕೆ, ಉಳಿದೆಲ್ಲವನ್ನೂ ಕೂಡಿಸಿಕೊಟ್ಟರು. ಆಮೇಲೆ ಅಜ್ಜ ಹಾಡಿದರೆ ಕಣ್ಣು ಮುಚ್ಚಿ ಕೂತವರು ಮನೆಯ ದಾರಿ ಮರೆಯುತ್ತಿದ್ದರು. ನಾನೂ ಮರೆತಿದ್ದೇನೆ.

ಅಜ್ಜನ ಪದಗಳೆಲ್ಲ ಬಾಯಲ್ಲಿದ್ದದ್ದು ಸೊಸೆ ಗ್ಯಾನಮ್ಮನಿಗೆ. ಶ್ರಾವಣ ಸೋಮವಾರ ಮಸ್ಕಿಯ ಮಠದಲ್ಲಿ ಮೇಳ ಹಾಡಬೇಕಿತ್ತು. ಮುಂದೆ ಕೂತು ಅವಳೇ ಪದ ಎತ್ತಿಕೊಡುವುದೆಂದಾಯಿತು. ಅವಳ ದನಿ ಅರಳುವುದು ಕರಿ ಐದಕ್ಕೆ. ಅದನ್ನು ಷಡ್ಜ ಮಾಡಿಕೊಂಡು ಗಾಂಧಾರ ಒತ್ತಿದರೆ, ಕರಿ ಒಂದಕ್ಕೆಂದೇ ಕೂಡಿಸಿದ ಪೇಟಿ ಅವಳ ದನಿಗಿಂತ ಏರಿ ಅರಚಿತು. ನುಡಿಸುತ್ತಿದ್ದ ದುರುಗೇಶ ಕೈ ತೆಗೆದು, ಯಕ್ಕನ ಸ್ವರ ಇಳಿದೈತಿ ಅಂದ. ತಾಳದವರು ತಲೆಯಾಡಿಸಿದರು. ಹೆಣ್ಣುಮಕ್ಕಳು ಹಿಮ್ಮೇಳಕ್ಕಾದರೆ ಸಾಕು ಎಂಬ ಮಾತೂ ಬಂತು. ಬೇಕಾದರೆ ಮಾವನ ಹಾಗೆ ಕರಿ ಒಂದರಲ್ಲೇ ಹಾಡಲಿ ಎಂದರು. ಗ್ಯಾನಮ್ಮ ಅದನ್ನೂ ಮಾಡಿ ನೋಡಿದಳು. ಕೆಳಗೆ ಹಾಡಿದರೆ ದನಿ ಎದೆಯಲ್ಲೇ ಹೂತುಹೋಯಿತು, ಮೇಲೆ ಹಾಡಿದರೆ ಗಂಟಲು ಸೀಳಿತು.

ಮರುದಿನ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಸಿಂಧನೂರಿನಲ್ಲಿ ಬಸ್ಸು ಬದಲಿಸಿ, ಅವಳು ಲಿಂಗಸೂಗೂರಿಗೆ ಹೋದಳು. ಜೊತೆಗೆ ನಾನಿದ್ದೆ. ಗೌಸ್‌ಸಾಬರು ಅವಳಿಂದ ಎರಡು ನುಡಿ ಹಾಡಿಸಿ ಕೇಳಿದರು.

"ನಿನ್ನ ಗಂಟಲು ಸಾಫ್ ಐತಿ ತಂಗಿ. ಪೇಟಿ ನಿಮ್ಮ ಮಾವಂದು. ನಿನಗಂತ ಕೆರೆದ್ರ ಅವರದು ಹೋಗತೈತಿ."

ಊರಿಗೆ ಬಂದು ಇದನ್ನು ಹೇಳಿದರೆ ಮೇಳದವರು ಒಪ್ಪಲಿಲ್ಲ. ಅಜ್ಜನ ಸ್ವರಕ್ಕೆ ಅರ ಹಚ್ಚಲು ಬಿಡೆವು, ಬಗ್ಗುವುದಿದ್ದರೆ ಅವಳೇ ಬಗ್ಗಲಿ ಎಂದರು.

ಸೋಮವಾರ ಸಂಜೆ ಮಠದ ಅಂಗಳ ತುಂಬಿತ್ತು. ದುರುಗೇಶ ಪೇಟಿ ತೆರೆದು ಕರಿ ಒಂದನ್ನೇ ಒತ್ತಿ ಹಿಡಿದ. ಗ್ಯಾನಮ್ಮ ಏಕತಾರಿಯ ತಂತಿಯನ್ನು ತನ್ನ ಷಡ್ಜಕ್ಕೆ ಬಿಗಿದಳು.

"ದುರುಗೇಶ, ಪೇಟಿ ಮುಚ್ಚು."

"ಪೇಟಿ ಇಲ್ದ ಭಜನಿ ಎಂಥಾ ಭಜನಿ ಯಕ್ಕಾ? ಮಂದಿ ನಗತಾರ."

"ನಗಲಿ. ಮಾವನ ಸ್ವರ ಮಾವನ ಕೂಡ ಹೋತು. ಸತ್ತವರ ಗಂಟಲಿನಾಗ ನಾ ಹಾಡಂಗಿಲ್ಲ."

ಅವನು ಬೆರಳು ಎತ್ತಲಿಲ್ಲ. ಅವಳು ಅದರ ಮೇಲೆಯೇ ತನ್ನ ಸ್ವರದಲ್ಲಿ ಪದ ಎತ್ತಿದಳು. ಎರಡು ಷಡ್ಜಗಳು ಅಂಗಳದಲ್ಲಿ ಗುದ್ದಾಡಿದವು. ಮುಂದಿನ ಸಾಲಿನವರು ಮುಖ ಕಿವಿಚಿದರು. ಗ್ಯಾನಮ್ಮ ದನಿ ಏರಿಸಲಿಲ್ಲ, ನಿಲ್ಲಿಸಲೂ ಇಲ್ಲ. ಗಾಂಧಾರಕ್ಕೆ ಬಂದು, ಏಕತಾರಿಗೆ ಕಿವಿಗೊಟ್ಟು, ಅಲ್ಲೇ ನಿಂತಳು. ತಂತಿಯೂ ಕಂಠವೂ ಒಂದಾದವು. ಹಿಂದೆ ಹಿಮ್ಮೇಳದಲ್ಲಿ ಕೂತಿದ್ದ ಜೋಗಮ್ಮ ಅದೇ ಸ್ವರ ಹಿಡಿದಳು. ಆಮೇಲೆ ಉಳಿದ ಹೆಂಗಸರು.

ದುರುಗೇಶ ಪೇಟಿ ಮುಚ್ಚಲಿಲ್ಲ; ಬೆರಳು ಮಾತ್ರ ತೆಗೆದ. ಗ್ಯಾನಮ್ಮ ಅವನತ್ತ ನೋಡದೆ ಎರಡನೆಯ ನುಡಿಗೆ ಹೋದಳು.