ಗಿರಣಿಯಣ್ಣ ಕೇಳದ ಆಲ್ಬಂ

ಕೊಯ್ಲು ಮುಗಿದು ಹದಿನೈದು ದಿನವಾಗಿತ್ತು. ಹೊಸ ಗೋಧಿ ಇನ್ನೂ ಪೂರ್ತಿ ಒಣಗಿರಲಿಲ್ಲ; ಹಲ್ಲಿಗೆ ಕೊಟ್ಟರೆ ಕಟ್ಟೆಂದು ಒಡೆಯದೆ ಮೆತ್ತಗೆ ಚಪ್ಪಟೆಯಾಗುತ್ತಿತ್ತು. ಅಂಥ ಕಾಳು ಹಾಕಿದರೆ ಕಲ್ಲಿಗೆ ಹಿಟ್ಟು ಮೆತ್ತಿಕೊಳ್ಳುತ್ತದೆ. ಹಾಗಾಗಿ ಗಿರಣಿಯಣ್ಣ ಬೆಳಗಿನಿಂದ ಬಂದವರ ಚೀಲಕ್ಕೆಲ್ಲ ಕೈಯಿಟ್ಟು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಇನ್ನೆರಡು ಬಿಸಿಲು ತೋರಿಸಿ ತನ್ನಿ" ಎಂದು ಅರ್ಧ ಜನರನ್ನು ವಾಪಸು ಕಳಿಸುತ್ತಿದ್ದ. ಉಳಿದ ಅರ್ಧ ಜನರ ಡಬ್ಬಗಳು ಗೋಡೆಯುದ್ದಕ್ಕೂ ಸಾಲಾಗಿ ಕೂತಿದ್ದವು. ಕೆಳಗೆ ಹಿಟ್ಟು ಬೀಳುವ ಬಟ್ಟೆಯ ಬಾಯಿಗೆ ಡಬ್ಬ ಹಿಡಿಯುವ ಕೆಲಸ ಅವನ ತಂಗಿಯದು. ವಯಸ್ಸು ಮೂವತ್ತನಾಲ್ಕು, ಅಣ್ಣನಿಗಿಂತ ಒಂದು ಗೇಣು ಎತ್ತರ. ಆದರೂ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಪುಟ್ಟಿ ಎಂದೇ.

ಪುಟ್ಟಿ ಹಿಟ್ಟು ಹಿಡಿಯುತ್ತಲೇ ಕಾಲಿನಲ್ಲಿ ತಾಳ ಹಾಕುತ್ತಿದ್ದಳು. ಆ ಗಿರಣಿಯ ಚರ್ಮದ ಬೆಲ್ಟಿಗೆ ಒಂದು ಹೊಲಿಗೆಯಿತ್ತು. ಸುತ್ತಿಗೊಮ್ಮೆ ಅದು ಚಕ್ರದ ಮೇಲೆ ಬಂದು ಧಪ್ಪೆಂದು ಬಡಿಯುತ್ತಿತ್ತು. ಧಪ್, ಧಪ್, ಧಪ್, ಧಪ್. ನಿಮಿಷಕ್ಕೆ ನೂರ ಇಪ್ಪತ್ತೆಂಟು. ಜಗತ್ತಿನ ದೊಡ್ಡ ದೊಡ್ಡ ಡಾನ್ಸ್ ಹಾಲುಗಳಲ್ಲಿ ಜನ ಕುಣಿಯುವುದು ಹೆಚ್ಚುಕಮ್ಮಿ ಇದೇ ಲೆಕ್ಕದಲ್ಲಿ ಎಂದು ಅವಳಿಗೆ ಗೊತ್ತಾದ ದಿನವೇ ಅಟ್ಟದ ಮೇಲೆ ಒಂದು ಹಳೆಯ ಕಂಪ್ಯೂಟರು, ಎರಡು ಮೈಕು ಬಂದು ಕೂತವು. ಬೆಲ್ಟಿನ ಬಡಿತ, ಮೋಟಾರಿನ ಗುಂಯ್ ಸದ್ದು, ಜರಡಿಯ ಚರಚರ, ತಕ್ಕಡಿಯ ಸರಪಳಿ, ಎಲ್ಲವನ್ನೂ ಹಿಡಿದು, ಕತ್ತರಿಸಿ, ಜೋಡಿಸಿ ಎಂಟು ಹಾಡು ಮಾಡಿದ್ದಳು. ಹಾಡು ಅಂದರೆ ಮಾತಿಲ್ಲ, ರಾಗವೂ ಅಷ್ಟಕ್ಕಷ್ಟೆ.

"ಹಾಡಿನಲ್ಲಿ ಒಂದು ಮಾತೂ ಇಲ್ಲವಲ್ಲೇ?" ಎಂದು ಅಮ್ಮ ಕೇಳಿದ್ದಳು.

"ಇದು ಕುಣಿಯೋಕೆ ಅಮ್ಮ, ಕೇಳೋಕಲ್ಲ."

"ಹಾಗಾದ್ರೆ ನನಗ್ಯಾಕೆ ಕೇಳಿಸಿದೆ? ನನ್ನ ಮಂಡಿ ನಿನಗೆ ಗೊತ್ತಿಲ್ವಾ?"

ಧ್ವನಿ ಹಿಡಿಯುವಾಗ ಗಿರಾಕಿಗಳ ಮಾತು ಒಳಗೆ ಬರಬಾರದು. ಅದಕ್ಕೆ ಮಧ್ಯಾಹ್ನ ಬಾಗಿಲು ಹಾಕಿಸಬೇಕಾಗುತ್ತಿತ್ತು. ಅಣ್ಣ ಅದಕ್ಕೊಂದು ಕರಾರು ಮಾಡಿದ್ದ: ಒಂದು ಮಧ್ಯಾಹ್ನ ಬಾಗಿಲು ಹಾಕಿದರೆ ಪುಟ್ಟಿ ಒಂದು ಸಲ ಕಲ್ಲಿಗೆ ಉಳಿ ಹಾಕಬೇಕು. ಬೀಸಿ ಬೀಸಿ ನುಣುಪಾದ ಕಲ್ಲನ್ನು ಇಳಿಸಿ, ಮಗುಚಿ, ಅದರ ಗೆರೆಗಳನ್ನೆಲ್ಲ ಉಳಿಯಿಂದ ಮತ್ತೆ ಕೊರೆಯುವುದು ಅರ್ಧ ದಿನದ ಕೆಲಸ. ಮೂಗಿನೊಳಗೆ ಕಲ್ಲಿನ ಪುಡಿ, ಸೊಂಟ ಮೂರು ದಿನ ಹಿಡಿತ. ಆಲ್ಬಂ ಮುಗಿಯುವ ಹೊತ್ತಿಗೆ ಪುಟ್ಟಿಯ ತಲೆಯ ಮೇಲೆ ಹನ್ನೊಂದು ಸಲದ ಉಳಿ ಬಾಕಿಯಿತ್ತು.

ಅವಳಿಗೆ ಅದರ ಚಿಂತೆಯಿರಲಿಲ್ಲ. ಅವಳ ಆಸೆ ಒಂದೇ: ಎಂಟು ಹಾಡನ್ನೂ ಅಣ್ಣ ಮೊದಲಿಂದ ಕೊನೆತನಕ ಒಮ್ಮೆ ಕೇಳಬೇಕು. ರಸ್ತೆಯಲ್ಲಿ ಹೋಗುವ ಟ್ರಾಕ್ಟರಿನ ಸದ್ದು ಕೇಳಿ, "ಮೂರನೇ ಬೋಲ್ಟು ಸಡಿಲ, ಸಂತೆ ಮುಟ್ಟಲ್ಲ" ಎನ್ನುವ ಕಿವಿ ಅವನದು. ಅದು ಸಂತೆ ಮುಟ್ಟುತ್ತಲೂ ಇರಲಿಲ್ಲ. ಆ ಕಿವಿ ಒಪ್ಪದ ಸದ್ದನ್ನು ಬೇರೆ ಯಾರು ಒಪ್ಪಿದರೂ ಅವಳಿಗೆ ಸಮಾಧಾನವಿಲ್ಲ.

ಒಮ್ಮೆ ವಾರದ ರಜೆಯ ದಿನ ಅವನನ್ನು ಹಿಡಿದು ಗೋಣಿಚೀಲದ ಮೇಲೆ ಕೂರಿಸಿದಳು. ಮೊದಲ ಹಾಡು ಶುರುವಾಯಿತು. ಈ ಕುಣಿತದ ಸಂಗೀತಕ್ಕೆ ಒಂದು ಕ್ರಮವಿದೆ. ಸದ್ದು ಏರುತ್ತ, ಬಿಗಿಯುತ್ತ, ಇನ್ನೇನು ಒಡೆದೇಹೋಗುತ್ತದೆ ಅನ್ನುವಾಗ ಒಮ್ಮೆಲೇ ಕೆಳಕ್ಕೆ ಬಿದ್ದು ಭಾರವಾಗಿ ಬಡಿಯಬೇಕು. ಏರುವ ಜಾಗಕ್ಕೆ ಪುಟ್ಟಿ ಬೀಸುವ ಕಲ್ಲಿನ ಸದ್ದನ್ನೇ ಹಾಕಿದ್ದಳು. ಅದು ಏರತೊಡಗಿದ್ದೇ ತಡ, ಅಣ್ಣ ಎದ್ದು ಹೋಗಿ ಮೇನ್ ಸ್ವಿಚ್ಚು ಕೆಳಗೆ ಎಳೆದ.

"ಯಾಕಣ್ಣ?"

"ಕಾಳಿನ ತೊಟ್ಟಿ ಖಾಲಿಯಾಗಿದೆ."

"ಅದು ಹಾಡು."

"ಹಾಡೇ ಇರ್ಲಿ. ಕಾಳಿಲ್ದೆ ಬರಿಗಲ್ಲು ಓಡ್ತಿದೆ. ಹಾಗೆ ಕಿರುಚಿದ್ರೆ ಕಲ್ಲಿಗೆ ಕಲ್ಲು ಉಜ್ಜಿ ಕಿಡಿ ಹಾರ್ತದೆ, ಪುಡಿ ಹಿಟ್ಟಿಗೆ ಬೀಳ್ತದೆ." ಆಮೇಲೆ ಅವನಿಗೆ ಹೊಳೆಯಿತು. "ಅಂದ್ರೆ ಯಾವಾಗ್ಲೋ ನನ್ನ ಕಲ್ಲನ್ನ ಬರಿದಾಗಿ ಓಡಿಸಿದೀಯ. ಯಾವಾಗ?"

"ನೀನು ಕ್ಷೌರಕ್ಕೆ ಹೋದಾಗ."

"ಹನ್ನೆರಡು" ಎಂದ ಅಣ್ಣ.

ಎರಡನೇ ಸಲ ಕೇಳಿಸಿದಾಗಲೂ ಅಲ್ಲೇ ಎದ್ದ. ಮೂರನೇ ಸಲ ಪುಟ್ಟಿ ಅವನ ಎರಡೂ ಹೆಗಲು ಅದುಮಿ ಹಿಡಿದಿದ್ದಳು. ಅವನು ಅವಳನ್ನೂ ಎಳೆದುಕೊಂಡೇ ಸ್ವಿಚ್ಚಿನ ತನಕ ಹೋದ. "ನನಗೆ ಬೇಕು ಅಂತ ಅಲ್ಲ ಕಣೇ, ಕೈ ತಾನಾಗೇ ಹೋಗ್ತದೆ. ಮಗು ಬಾವಿ ಕಟ್ಟೆ ಹತ್ತಿದ್ರೆ ನೀನು ಸುಮ್ನೆ ಕೂರ್ತೀಯಾ?"

"ಹಾಡು ಬಾವಿಗೆ ಬೀಳಲ್ಲ ಅಣ್ಣ."

"ಕಲ್ಲು ಬೀಳ್ತದೆ."

ಪುಟ್ಟಿ ಹಾಡುಗಳನ್ನು ಪಟ್ಟಣದ ಒಂದು ಸಂಗೀತ ಕಂಪನಿಗೆ ಕಳಿಸಿದಳು. ಕಂಪನಿ ನಡೆಸುತ್ತಿದ್ದ ಹೆಂಗಸಿಗೆ ಒಂದು ಡಾನ್ಸ್ ಹಾಲೂ ಇತ್ತು. "ಭಾನುವಾರ ಮಧ್ಯಾಹ್ನ ಬಂದು ನುಡಿಸಿ. ನನ್ನ ಜನ ಕುಣಿದರೆ ಆಲ್ಬಂ ತರ್ತೀನಿ, ಕುಣೀದಿದ್ರೆ ಊಟ ಮಾಡ್ಕೊಂಡು ಹೋಗಿ" ಎಂದು ಉತ್ತರ ಬಂತು. ಸಾಮಾನು ಸಾಗಿಸಲು ಇದ್ದದ್ದು ಗಿರಣಿಯ ಗೂಡ್ಸ್ ಗಾಡಿ ಒಂದೇ, ಅದನ್ನು ಓಡಿಸಲು ಬರುತ್ತಿದ್ದದ್ದು ಅಣ್ಣ ಒಬ್ಬನಿಗೇ. ಹಾಗಾಗಿ ಅವನೂ ಹೋದ. ಬಿಳಿ ಅಂಗಿ ಹಾಕಿಕೊಂಡಿದ್ದ; ಗಾಡಿಯಿಂದಿಳಿಯುವಾಗ ಅದು ಮುಂಚಿಗಿಂತ ಬಿಳಿಯಾಗಿತ್ತು.

ಹಾಲಿನಲ್ಲಿ ಮುನ್ನೂರು ಜನ. ಅಣ್ಣನನ್ನು ಎಲ್ಲರಿಗಿಂತ ಹಿಂದೆ, ಗೋಡೆಗೆ ಹಾಕಿದ್ದ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿದ್ದರೆ ಅವನಿಂದ ಏನೂ ತೊಂದರೆಯಾಗುವುದಿಲ್ಲವೆಂದು ಪುಟ್ಟಿ ಅಂದುಕೊಂಡಳು. ಆ ಗೋಡೆಯ ಮೇಲೆ ಕರೆಂಟಿನ ದೊಡ್ಡ ಬೋರ್ಡಿತ್ತು.

ಮೊದಲ ಹಾಡು ಶುರುವಾಯಿತು. ಬೆಲ್ಟು ಬಡಿಯಿತು. ಜನ ಮೊದಲು ತಲೆಯಾಡಿಸಿದರು, ಆಮೇಲೆ ಭುಜ, ಆಮೇಲೆ ಕಾಲು. ಪುಟ್ಟಿ ಕಲ್ಲಿನ ಸದ್ದನ್ನು ಏರಿಸುತ್ತ ಹೋದಳು. ಜನ ಕೈ ಮೇಲೆತ್ತಿದರು. ಸದ್ದು ಇನ್ನೂ ಏರಿತು. ಹಿಂದಿನ ಗೋಡೆಯ ಹತ್ತಿರ ಒಬ್ಬ ಮನುಷ್ಯ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತಿದ್ದ. ಕೂರಲು ಅವನು ನಿಜವಾಗಿ ಪ್ರಯತ್ನಪಟ್ಟ. ಹನ್ನೊಂದು ಸೆಕೆಂಡು ಕೂತ.

ಆಮೇಲೆ ಇಡೀ ಹಾಲು ಕತ್ತಲಾಗಿ ನಿಶ್ಶಬ್ದವಾಯಿತು.

ಮುನ್ನೂರು ಜನ ಕೈ ಮೇಲೆತ್ತಿಕೊಂಡೇ ನಿಂತಿದ್ದರು. ಆ ಮೌನದೊಳಗೆ, ನಲವತ್ತು ವರ್ಷ ಗಿರಣಿಯ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲಿನಿಂದ ಅಣ್ಣನ ಮಾತು ಹಾಲಿನ ಮೂಲೆಮೂಲೆಗೂ ಮುಟ್ಟಿತು: "ಪುಟ್ಟಿ, ಕಾಳು ಹಾಕೇ ಮಾರಾಯ್ತಿ. ಎಷ್ಟು ಸಲ ಹೇಳೋದು?"

ಪುಟ್ಟಿಗೆ ಅಳು ಬಂತು. ಆಮೇಲೆ ಸಿಟ್ಟು ಬಂತು. ಬ್ಯಾಟರಿಯಿದ್ದುದರಿಂದ ಅವಳ ಕಂಪ್ಯೂಟರು ಮಾತ್ರ ಇನ್ನೂ ಬೆಳಗುತ್ತಿತ್ತು. ಗಿರಣಿಯಲ್ಲಿ ಹಿಡಿದ ಸದ್ದುಗಳೆಲ್ಲ ಅದರಲ್ಲಿದ್ದವು. ತೊಟ್ಟಿಗೆ ಒಂದು ಮೂಟೆ ಗೋಧಿ ಸುರಿದ ಸದ್ದೂ ಇತ್ತು. ಕಾಳು ಬೇಕಾ, ತಗೋ ಎಂದುಕೊಂಡು ಅದನ್ನೇ ಎಳೆದು ಹಾಕಿದಳು. "ಹಾಕ್ದೆ" ಎಂದು ಕೂಗಿದಳು.

ಅಣ್ಣ ಸ್ವಿಚ್ಚು ಮೇಲೆತ್ತಿದ.

ಮುನ್ನೂರು ಜನರ ತಲೆಯ ಮೇಲೆ ಒಂದು ಮೂಟೆ ಗೋಧಿ ಸುರಿಯಿತು. ಸರ್ರನೆ ಇಳಿದು ಇಳಿದು ಕಲ್ಲಿನ ಬಾಯಿ ತುಂಬಿತು. ಕಿರುಚುತ್ತಿದ್ದ ಕಲ್ಲು ದನಿ ತಗ್ಗಿಸಿ, ಗಂಟಲು ಭಾರ ಮಾಡಿಕೊಂಡು, ಉಂಡ ದನದ ಹಾಗೆ ಗುರುಗುಟ್ಟಿತು. ಅದರ ಕೆಳಗೆ ಬೆಲ್ಟು ಧಪ್ಪೆಂದು ಬಿತ್ತು. ನೆಲ ಅದುರಿತು. ಆಮೇಲೆ ಆ ಜನ ಕುಣಿದ ಪರಿ ಹೇಳತೀರದು. ಕಂಪನಿಯಾಕೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೇಜಿನ ಮೇಲಿದ್ದಳು.

"ಆ ಸ್ವಿಚ್ಚಿನವರು ಯಾರು?" ಎಂದು ಆಮೇಲೆ ಕೇಳಿದಳು.

"ನಮ್ಮಣ್ಣ."

"ಮುಂದಿನ ಊರಿಗೂ ಬರ್ತಾರಾ?"

"ಬರಲ್ಲ" ಎಂದ ಅಣ್ಣ. "ಸ್ವಿಚ್ಚು ಎಳೆಯೋಕೆ ನಾನ್ಯಾಕೆ? ಕಾಳು ಹಾಕೋದನ್ನ ಕಲಿಸಿ ಅವಳಿಗೆ."

ಪುಟ್ಟಿ ಎಂಟೂ ಹಾಡುಗಳನ್ನು ಬಿಚ್ಚಿ, ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಕ್ಷಣದ ಮೌನ, ಆಮೇಲೆ ಒಂದು ಮೂಟೆ ಕಾಳು ಸುರಿದು ಮತ್ತೆ ಹೊಲಿದಳು. ಒಂದಕ್ಕೆ ಗೋಧಿ, ಒಂದಕ್ಕೆ ಜೋಳ, ಐದನೆಯದಕ್ಕೆ ಅವರೆ. ಆಲ್ಬಂ ಬೇಸಿಗೆಯ ಮೊದಲ ವಾರ ಹೊರಬಂತು. ಎರಡು ತಿಂಗಳಲ್ಲಿ ಎಲ್ಲಿ ನೋಡಿದರಲ್ಲಿ ಅದೇ. ಪತ್ರಿಕೆಯೊಂದು, ಈ ಮೌನದಲ್ಲಿ ಯಂತ್ರಯುಗದ ಮನುಷ್ಯನ ಒಳಗಿನ ಶೂನ್ಯ ಕಾಣುತ್ತದೆ ಎಂದು ಬರೆಯಿತು. ಅಮ್ಮ ಅದನ್ನು ಎರಡು ಸಲ ಓದಿ, "ಶೂನ್ಯ ಅಲ್ಲವಂತೆ, ತೊಟ್ಟಿ ಖಾಲಿಯಂತೆ ಅಂತ ಇವರಿಗೆ ಯಾರಾದ್ರೂ ಕಾಗದ ಬರೀರಿ" ಎಂದಳು. ಊರಲ್ಲಂತೂ ಬೇರೆಯೇ ತಾಪತ್ರಯ. ರಜೆಯ ದಿನ ಯಾರಾದರೂ ಆಲ್ಬಂ ಜೋರಾಗಿ ಹಾಕಿದರೆ, ಗಿರಣಿ ಶುರುವಾಯಿತೆಂದು ಜನ ಡಬ್ಬ ಎತ್ತಿಕೊಂಡು ಬಂದುಬಿಡುತ್ತಿದ್ದರು. "ಅದು ಹಾಡು, ಹೋಗಿ" ಎಂದು ಅಣ್ಣ ಊಟದ ಕೈಯಲ್ಲೇ ಬಾಗಿಲಿಗೆ ಬಂದು ಹೇಳಬೇಕಾಗುತ್ತಿತ್ತು.

"ನೀನು ಕೇಳಿದೆಯಾ?" ಎಂದು ಪುಟ್ಟಿ ಹೋದ ಹೋದ ಊರಿಂದ ಫೋನು ಮಾಡುತ್ತಿದ್ದಳು.

"ಹೊಸ ಕಾಳು ಬೀಸೋ ಕಾಲ ಕಣೇ. ಪುರಸೊತ್ತಿಲ್ಲ."

ಹದಿನೇಳು ಊರು ಸುತ್ತಿ ಅವಳು ಮನೆಗೆ ಬಂದಾಗ ಮಳೆಗಾಲ ಹಿಡಿದಿತ್ತು. ಕೈಯಲ್ಲಿ ಗಾಜಿನದೊಂದು ಪ್ರಶಸ್ತಿ. ಅಣ್ಣ ಅದನ್ನು ತಿರುಗಿಸಿ ನೋಡಿ ತಕ್ಕಡಿಯ ಪಕ್ಕ ಇಟ್ಟ. "ಕಲ್ಲು ಇಳಿಸಿ ಇಟ್ಟಿದೀನಿ" ಎಂದ. "ಹನ್ನೆರಡು ಇದೆ ನಿಂದು."

"ಆ ಕಾಳಿನ ಉಪಾಯ ನಿನ್ನದೇ ತಾನೆ? ಆಲ್ಬಂ ಮೇಲೆ ನಿನ್ನ ಹೆಸರೂ ಹಾಕಿಸಿದೀನಿ. ಅದಕ್ಕೆ ಒಂದೆರಡು ವಜಾ ಮಾಡು."

"ಹೆಸರು ಹಾಕು ಅಂತ ನಾನು ಕೇಳಿದ್ನಾ?"

ಪುಟ್ಟಿ ಮಗುಚಿದ್ದ ಕಲ್ಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಉಳಿ, ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡಳು. "ಸರಿ. ಆದ್ರೆ ಪೂರ್ತಿ ಆಲ್ಬಂ ನೀನು ಕೇಳೋ ತನಕ ಒಂದು ಪೆಟ್ಟೂ ಹಾಕಲ್ಲ. ನಲವತ್ತೆರಡು ನಿಮಿಷ. ಮೇನು ಆಫ್ ಆಗಿದೆ, ಫೋನಿನಲ್ಲೇ ಹಾಕ್ತೀನಿ. ಎಳೆಯೋಕೆ ಇಲ್ಲಿ ಸ್ವಿಚ್ಚೂ ಇಲ್ಲ."

"ನಲವತ್ತೆರಡು ನಿಮಿಷ ಕೆಲಸ ನಿಲ್ಸಿದ್ದಕ್ಕೆ ಹದಿಮೂರು."

"ಹದಿಮೂರಾಗ್ಲಿ. ಕೂರು."

ಅಣ್ಣ ಚೀಲದ ಮೇಲೆ ಕೂತ. ಮೊದಲ ಹಾಡು ಏರುವಾಗ ಅವನ ಬಲಗೈ ಮಂಡಿಯ ಮೇಲೆ ಬಿಗಿಯಾಯಿತು. ಗೋಧಿ ಬಿದ್ದಾಗ ಸಡಿಲಾಯಿತು. ಎರಡನೆಯದಕ್ಕೂ ಹಾಗೆಯೇ. ಮೂರರಲ್ಲಿ, "ಜೋಳ" ಎಂದಷ್ಟೇ ಹೇಳಿದ. ಐದರಲ್ಲಿ ಹುಬ್ಬು ಮೇಲೆ ಹೋಯಿತು. ಹೊರಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಬ್ಬರು ಗಿರಾಕಿಗಳು ಡಬ್ಬ ಹಿಡಿದು ಬಂದರು. ಅವನು ನೋಡದೆಯೇ ಕೈಸನ್ನೆಯಲ್ಲಿ ಕೂರಿಸಿದ. ಎಂಟನೇ ಹಾಡು ಮುಗಿಯಿತು. ಪುಟ್ಟಿ ಅವನ ಮುಖವನ್ನೇ ನೋಡುತ್ತಿದ್ದಳು.

ಅಣ್ಣ ಎದ್ದ. ಗೂಡಿನಿಂದ ಎಣ್ಣೆಯ ಡಬ್ಬಿ ತೆಗೆದುಕೊಂಡು ಹೋಗಿ, ಬಗ್ಗಿ, ಚಕ್ರದ ಎಡಬದಿಗೆ ನಿಧಾನವಾಗಿ ಎಣ್ಣೆ ಬಿಟ್ಟ.

"ಏನಣ್ಣ?"

"ಆರನೇ ಹಾಡಲ್ಲಿ ಎಡಗಡೆ ಬೇರಿಂಗು ಒಣಗಿದೆ." ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದ. "ದಿನಾ ಪಕ್ಕದಲ್ಲೇ ನಿಂತಿರ್ತೀನಿ. ನನಗೆ ಕೇಳಿಸಿರ್ಲಿಲ್ಲ."

ಪುಟ್ಟಿ ಉಳಿಯನ್ನು ಗೆರೆಗೆ ಕೊಟ್ಟು ಸುತ್ತಿಗೆ ಎತ್ತಿದಳು. ಅಣ್ಣ ಇನ್ನೊಂದು ಉಳಿ ಹುಡುಕಿಕೊಂಡು ಬಂದು ಕಲ್ಲಿನ ಆಚೆ ಬದಿಗೆ ಕೂತ.

"ನೀನೂ ಹಾಕಿದ್ರೆ ಇದು ನನ್ನ ಲೆಕ್ಕಕ್ಕೆ ಬರುತ್ತಾ?" ಎಂದು ಅವಳು ಕೇಳಿದಳು.

"ಅರ್ಧ ಬರ್ತದೆ" ಎಂದ ಅಣ್ಣ. "ಹನ್ನೆರಡೂವರೆ ಉಳೀತು. ಪುಡಿ ಹಾರ್ತದೆ, ಬಾಯಿ ಮುಚ್ಚು."