ಹಸಿ ಹುಳು

"ನಿನ್ಗಿಂತ ಬಿರ್‌ಬಿರ್ನೆ ಆರುಸ್ತಾಳೆ ಕಣಮ್ಮಿ!"

ಹುಳುಮನೆಯಿಂದ ಬಂದ ಸದಾಶಿವಪ್ಪ ಹೆಂಡತಿಗೆ ಹಾಗೆಂದದ್ದು ತಮ್ಮನ ಹೆಂಡತಿ ದೀಪಶ್ರೀಯ ಬಗ್ಗೆ. ಚನ್ನಾಜಮ್ಮ ಕೈಲಿದ್ದ ಕಾಫಿ ಲೋಟವನ್ನು ಕುಕ್ಕಿ ಇಟ್ಟಳು.

ಯಳಂದೂರಿನ ಪಕ್ಕದ ಆ ಮನೆಯಲ್ಲಿ ಹಣ್ಣಾದ ರೇಷ್ಮೆಹುಳು ಆರಿಸಿ, ಗೂಡು ಕಟ್ಟಲು ಬಿದಿರ ತಟ್ಟಿಯ ಚಂದ್ರಿಕೆಗೆ ಬಿಡುವುದು ಚನ್ನಾಜಮ್ಮನ ಕೆಲಸವಾಗಿತ್ತು. ಇನ್ನೂ ಹಿಪ್ಪುನೇರಳೆ ಸೊಪ್ಪು ತಿನ್ನುವ ಬೆಳ್ಳಗಿನ ಹಸಿ ಹುಳು ಯಾವುದು, ಸೊಪ್ಪು ಬಿಟ್ಟು ನೂಲು ಬಿಡಲು ಸಿದ್ಧವಾಗಿ ಜೇನಿನ ಬಣ್ಣಕ್ಕೆ ತಿರುಗಿದ ಹಣ್ಣು ಹುಳು ಯಾವುದು, ಅವಳು ಹೇಳಿದ್ದೇ ಕೊನೆ. ಅವಳ ಬಲಗಣ್ಣು ಮೊದಲಿಂದಲೂ ಮಂಜು. ಎಡಗಣ್ಣಿನ ಒಳಪರದೆಯೂ ಕಳಚಿಕೊಂಡಾಗ ಆ ಕೆಲಸ ದೀಪಶ್ರೀಯ ಪಾಲಾಯಿತು. ಮೈಸೂರಿನ ಡಾಕ್ಟರು ಪರದೆ ಅಂಟಿಸಿ, ಅದು ಕಳಚದಂತೆ ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸು ತುಂಬಿ, ಕೆಲವು ದಿನ ಬೋರಲು ಮಲಗಿರಬೇಕೆಂದರು. ನೆಲಕ್ಕೆ ಮುಖ ಮಾಡಿ ಬಿದ್ದವಳ ಕಿವಿಗೆ ಮನೆಯವರೆಲ್ಲ ದೀಪಶ್ರೀಯ ಗುಣಗಾನವನ್ನೇ ಸುರಿದರು. ಅಬ್ಬಬ್ಬಾ, ಕಣ್ಣಿಗಿಂತ ಹೊಟ್ಟೆಯೇ ಹೆಚ್ಚು ಉರಿಯಿತು!

ಪರದೆ ಅಂಟಿದರೂ ನೋಟ ಕೂಡಲೇ ಬರಲಿಲ್ಲ. ಮೊದಲು ಬರೀ ಬೆಳಕು. ಆಮೇಲೆ ಬಾಗಿಲ ಚೌಕಟ್ಟು, ಅದೂ ಸೊಟ್ಟ. ತಿಂಗಳುಗಳು ಕಳೆದಂತೆ ಸೊಟ್ಟಗಿದ್ದದ್ದು ನೆಟ್ಟಗಾಯಿತು, ಬಣ್ಣ ತಿಳಿಯಾಯಿತು. "ಇನ್ನೂ ಸುಧಾರಿಸುತ್ತೆ, ಎಷ್ಟು ಅಂತ ಹೇಳೋಕಾಗಲ್ಲ" ಎಂದಿದ್ದರು ಡಾಕ್ಟರು. ಈಗ ಗಂಡನ ಮಾತು ಕೇಳಿದ್ದೇ, ಇವತ್ತೇ ನೋಡಿಬಿಡುತ್ತೇನೆಂದು ಚನ್ನಾಜಮ್ಮ ಸೆರಗು ಸಿಕ್ಕಿಸಿ ಹುಳುಮನೆಗೆ ನಡೆದಳು. ದೀಪಶ್ರೀ ಆರಿಸಿದ್ದರಲ್ಲಿ ನಾಲ್ಕಾದರೂ ಹಸಿ ಹುಳು ಸಿಗಬೇಕು, ಅವಳಿಗೆ ಬೇಕಾಗಿದ್ದುದು ಅಷ್ಟೇ.

"ಬನ್ನಿ ಅಕ್ಕ, ಸರಿಯಾಗ್ ಆರ್ಸಿದ್ದೀನಾ ನೋಡಿ" ಎಂದು ದೀಪಶ್ರೀ ತಟ್ಟೆಯನ್ನು ಮುಂದಿಟ್ಟಳು.

ಚನ್ನಾಜಮ್ಮ ಒಂದೊಂದೇ ಹುಳುವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಣ್ಣು. ಇದೂ ಹಣ್ಣು. ತಟ್ಟೆಯೆಲ್ಲ ಕೆದಕಿದರೂ ಹಸಿ ಹುಳು ಒಂದೂ ಇಲ್ಲ. ಹಾಳಾದವಳು, ಒಂದಾದರೂ ತಪ್ಪಬಾರದಿತ್ತೇ! ಕೊನೆಗೆ ಕೈಗೆ ಸಿಕ್ಕ ಒಂದನ್ನೆತ್ತಿ, "ಇದೇನವ್ವ, ಇದಿನ್ನೂ ಅಸಿ ಉಳ. ಕಣ್ಣೆಲ್ ಮಡಗಿದ್ದೆ?" ಎಂದು ಮತ್ತೆ ಸೊಪ್ಪಿನ ಮೇಲೆ ಹಾಕಿದಳು.

ದೀಪಶ್ರೀಯ ಮುಖ ಬಾಡಿತು. "ಔದಾ ಅಕ್ಕ? ನಂಗ್ ಗೊತ್ತಾಗ್ನಿಲ್ಲ. ನಿಮ್ ಕಣ್ಣು ಪೂರಾ ಬಂತು ಬುಡಿ, ಇನ್ಮುಂದ್ಕೆ ನೀವೇ ಆರ್ಸಿ."

ಹುಳು ಸೊಪ್ಪಿಗೆ ಬಾಯಿ ಹಾಕಲಿಲ್ಲ. ಕತ್ತೆತ್ತಿ ಅತ್ತಿತ್ತ ತೂಗುತ್ತ ನೂಲು ಬಿಡತೊಡಗಿತು. ಕೂದಲಿಗಿಂತ ಸಣ್ಣ ನೂಲು. ಪರದೆ ಕಳಚಿದಂದಿನಿಂದ ಅಷ್ಟು ಸಣ್ಣದೇನೂ ಚನ್ನಾಜಮ್ಮನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಎಳೆ ಎಳೆಯಾಗಿ ಕಾಣಿಸಿತು. ದೀಪಶ್ರೀಯೂ ಅದನ್ನೇ ನೋಡುತ್ತಿದ್ದಳು.